ಕೋರ್ಟ್ ಡೈರಿ, ಮನೆ ಲೆಕ್ಕ: ಒಬ್ಬ ವಕೀಲರ ಸ್ಮರಣ ಪುಸ್ತಕ ಮಾಡಿದ ನನ್ನ ಅನುಭವ

ಸ್ಮರಣ ಪುಸ್ತಕ ಮಾಡುವ ನಮ್ಮಂಥವರಿಗೆ ಈ ಗೋಳು ಗೊತ್ತೇ ಇದೆ. ಮನೆಯವರು ಐವತ್ತು ಜನರ ಹತ್ತಿರ ಲೇಖನ ಕೇಳುತ್ತಾರೆ. ಮೂವತ್ತು ಬರುತ್ತವೆ. ಮೂವತ್ತರಲ್ಲೂ ತೀರಿಕೊಂಡವರು ಅಜಾತಶತ್ರು, ಸರಳ ಸಜ್ಜನ, ಕೊಡುಗೈ ದಾನಿ. ಹೆಸರು ಬದಲಿಸಿದರೆ ಪಕ್ಕದ ಬೀದಿಯವರಿಗೂ ಆಗುತ್ತದೆ. ಇಂಥವನ್ನು ನಾನೇ ಹದಿನೈದೋ ಹದಿನಾರೋ ಮಾಡಿದ್ದೇನೆ. ದುಡ್ಡು ಬಂತು. ಓದಿದವರನ್ನು ಮಾತ್ರ ನಾನು ನೋಡಿಲ್ಲ.

ಚಿಂತಾಮಣಿಯ ಒಬ್ಬ ನಿವೃತ್ತ ವಕೀಲರ ಪುಸ್ತಕವನ್ನು ಬೇರೆ ದಾರಿಯಲ್ಲಿ ಮಾಡಿದೆ. ಲೇಖನ ಒಂದೂ ತರಿಸಲಿಲ್ಲ. ಅವರ ಕೋರ್ಟ್ ಡೈರಿ ಎಡಕ್ಕೆ, ಅವರ ಹೆಂಡತಿ ಬರೆದಿಟ್ಟ ಮನೆ ಲೆಕ್ಕದ ಪುಸ್ತಕ ಬಲಕ್ಕೆ. ಎರಡರಲ್ಲೂ ಒಂದೇ ತಾರೀಖು ತೆಗೆಯುವುದು. ಆ ಪುಟ ತೋರಿಸಿ, ಆ ದಿನದ ಬಗ್ಗೆ ಮಾತ್ರ ಕೇಳುವುದು. ಇಷ್ಟೇ. ಆಗಲ್ಲ ಅಂದವರೇ ಜಾಸ್ತಿ. ಅಭಿನಂದನ ಗ್ರಂಥಗಳಲ್ಲಿ ಕೈ ಪಳಗಿದ ಒಬ್ಬ ನಿವೃತ್ತ ಮೇಷ್ಟ್ರು, "ಡೈರಿ ಇಟ್ಕೊಂಡು ಪಂಚಾಂಗ ಬರೀತೀಯೇನಪ್ಪಾ?" ಎಂದು ನಕ್ಕರು. ಪುಸ್ತಕ ಬಂದ ಮೇಲೆ ಅವರೇ ಎರಡು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು ಅನ್ನಿ.

ವಕೀಲರ ಹೆಸರು ಇಲ್ಲಿ ಹಾಕುವುದಿಲ್ಲ, ಮನೆಯವರ ಇಷ್ಟ ಹಾಗೆ. ಊರಲ್ಲಿ ಎಲ್ಲರೂ ಲಾಯರ್ ಸಾಹೇಬ್ರು ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. 1968ರಲ್ಲಿ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ. ಆಗಿನ ಮುನ್ಸಿಫ್ ಕೋರ್ಟಿನಿಂದ ಶುರು ಮಾಡಿ ನಲವತ್ತು ವರ್ಷದ ಮೇಲೆ ವಕೀಲಿಕೆ. ಹೆಚ್ಚಿನದು ಸಿವಿಲ್. ಮೂರು ಹೆಣ್ಣು, ಒಂದು ಗಂಡು. 2010ರ ಸುಮಾರಿಗೆ ಕೋಟು ಕಳಚಿಟ್ಟರು. ಆಮೇಲೆ ಮೊಮ್ಮಕ್ಕಳು, ಹಿತ್ತಲ ಕರಿಬೇವಿನ ಗಿಡ, ಸಂಜೆ ಒಂದು ಸುತ್ತು ನಡಿಗೆ. ವರ್ಷದ ತಿಥಿಗೆ ಪುಸ್ತಕ ಬೇಕು ಎಂದು ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ನನ್ನ ಕೈಯಲ್ಲಿ ಹತ್ತು ತಿಂಗಳಿತ್ತು.

ಮೊದಲ ಎರಡು ತಿಂಗಳು ಹಳೇ ದಾರಿಯಲ್ಲೇ ಹೋಯಿತು. ಲೇಖನ ಬೇಡ, ಮಾತಾಡಿಸೋಣ ಎಂದುಕೊಂಡು ಫೋನಿನ ರೆಕಾರ್ಡರ್ ಹಿಡಿದು ಓಡಾಡಿದೆ. "ಸಾಹೇಬ್ರು ಹೇಗಿದ್ರು?" ಎಂದು ಕೇಳಿದರೆ ಎಲ್ಲರೂ ಎದ್ದು ಕೂತು ಭಾಷಣ ಶುರು ಮಾಡುತ್ತಾರೆ. "ಅಂಥವರು ಇನ್ನು ಹುಟ್ಟೋದಿಲ್ಲ ಸಾರ್." ಆಮೇಲೆ ಮೌನ. ಆಮೇಲೆ ಕಾಫಿ. ಬಾರ್ ಅಸೋಸಿಯೇಶನ್‌ನಲ್ಲಿ ಒಂದು ಮಧ್ಯಾಹ್ನ ಏಳೆಂಟು ವಕೀಲರನ್ನು ಕೂಡಿಸಿ ಕೇಳಿದೆ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಸ್ವಲ್ಪ ಜೋರಾಗಿ ಹೇಳಿದರು. ಹನ್ನೊಂದು ಹನ್ನೆರಡು ಗಂಟೆಯಷ್ಟು ರೆಕಾರ್ಡಿಂಗ್ ಇತ್ತು. ಅದರಲ್ಲಿ ಬಳಸಲು ಬಂದದ್ದು ಎರಡು ಪುಟ. ಪೆಟ್ರೋಲಿಗೇ ನಾಲ್ಕೈದು ಸಾವಿರ ಹೋಗಿತ್ತು.

ಡೈರಿಗಳು ಸಿಕ್ಕಿದ್ದು ಆಫೀಸ್ ಕೋಣೆಯ ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ. ನಲವತ್ತರ ಹತ್ತಿರ. ಐದಾರನ್ನು ಗೆದ್ದಲು ತಿಂದಿತ್ತು, ಒಂದೆರಡು ನೀರು ಕುಡಿದು ಅಂಟಿಕೊಂಡಿದ್ದವು. ಅಂಟಿದ ಹಾಳೆ ಬಿಡಿಸುವ ಉಪಾಯ ಒಂದು ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಂದು ಕೇಳಿದರೆ ಹೇಳುತ್ತೇನೆ, ಕಾಫಿ ನಿಮ್ಮದು.

ವಕೀಲರ ಡೈರಿ ನೋಡಿದವರಿಗೆ ಗೊತ್ತು. ತಾರೀಖಿನ ಕೆಳಗೆ ಓ.ಎಸ್. (ಅಸಲು ದಾವೆ) ನಂಬರು, ಇ.ಪಿ. (ತೀರ್ಪು ಜಾರಿ ಅರ್ಜಿ) ನಂಬರು, ಪಕ್ಷಗಾರರ ಹೆಸರು ಅರ್ಧಂಬರ್ಧ, ಯಾವ ಹಂತ, ಮುಂದಿನ ವಾಯಿದೆ. ಬೇರೆಯವರಿಗೆ ಅದು ಬರೀ ನಂಬರು. ನನಗೂ ಮೊದಲ ವಾರ ಹಾಗೇ ಕಂಡಿತು. ಅಕ್ಷರವಂತೂ ಇರುವೆ ಸಾಲು. ಗೂಗಲ್ ಲೆನ್ಸ್ ಹಿಡಿದು ನೋಡಿದೆ. ಅಚ್ಚಾದ ತಾರೀಖು ಬಿಟ್ಟು ಏನನ್ನೂ ಓದಲಿಲ್ಲ.

ಆಗ ಕೈ ಹಿಡಿದವರು ಸಾಹೇಬರ ಹಳೇ ಗುಮಾಸ್ತರು. ಎಂಬತ್ತು ದಾಟಿದೆ, ಕೈವಾರದ ಕಡೆ ಹಳ್ಳಿಯಲ್ಲಿ ಮಗನ ಜೊತೆ ಇದ್ದಾರೆ. ಕನ್ನಡಕ ಏರಿಸಿ ಒಂದು ಪುಟ ನೋಡಿದವರೇ, "ಇದು ಬಟ್ಲಹಳ್ಳಿ ಕಡೆಯ ಬಾವಿ ಕೇಸು. ಅಣ್ಣ ತಮ್ಮ. ಇಬ್ಬರೂ ಒಂದೇ ಬಸ್ಸಲ್ಲಿ ಬಂದು, ಕೋರ್ಟಲ್ಲಿ ಕಿತ್ತಾಡಿ, ಒಂದೇ ಬಸ್ಸಲ್ಲಿ ವಾಪಸ್ ಹೋಗೋರು" ಅಂದರು. ಅಲ್ಲಿಗೆ ನನಗೆ ದಾರಿ ಸಿಕ್ಕಿತು. "ಸಾಹೇಬ್ರು ಹೇಗಿದ್ರು?" ಎಂದು ಕೇಳಿದಾಗ ಇದೇ ಮನುಷ್ಯ ಕಣ್ಣೊರೆಸಿಕೊಂಡು "ದೇವರು" ಎಂದು ಹೇಳಿ ಸುಮ್ಮನಾಗಿದ್ದರು. ಪುಟ ತೋರಿಸಿದಾಗ ಮಧ್ಯಾಹ್ನದ ಊಟ ಮರೆತರು.

ದಿನಕ್ಕೆ ಐನೂರು ಕೊಡುತ್ತೇನೆ ಎಂದೆ. ಮೊದಲು ಬೇಡ ಎಂದರು, ಮಗ ಬೇಕು ಎಂದ. ಒಟ್ಟು ಹನ್ನೆರಡು ಸಾವಿರದ ಹತ್ತಿರ ಆಯಿತು. ನನ್ನ ಇಡೀ ಖರ್ಚಿನಲ್ಲಿ ಇಷ್ಟು ಬೆಲೆ ಬಾಳಿದ ಹಣ ಇನ್ನೊಂದಿಲ್ಲ.

ಆದರೆ ಡೈರಿ ಒಂದೇ ಸಾಲದು. ಅದರಲ್ಲಿ ವಕೀಲ ಇದ್ದಾನೆ, ಮನೆಯ ಯಜಮಾನ ಇಲ್ಲ. ಅಮ್ಮನವರ, ಅಂದರೆ ಸಾಹೇಬರ ಹೆಂಡತಿಯ, ಲೆಕ್ಕದ ಪುಸ್ತಕ ಸಿಕ್ಕಿದ್ದು ಆಕಸ್ಮಿಕ. ನಾನು ಡೈರಿ ಹರಡಿಕೊಂಡು ಕೂತಿದ್ದಾಗ ಅವರೇ ಬಂದು, "ನೋಡಪ್ಪಾ, ನಂದೂ ಇದೆ, ಅದ್ರಲ್ಲೇನಿದೆ ಹಾಲು ಮೊಸರು ಬಿಟ್ಟು" ಎಂದು ಒಂದು ಗಂಟು ತಂದಿಟ್ಟರು. ಉದ್ದನೆಯ ನೋಟ್ ಪುಸ್ತಕಗಳು. ಮದುವೆಯಾದ ವರ್ಷದಿಂದ ಮೊನ್ನೆ ಮೊನ್ನೆಯವರೆಗೆ, ನಡುವೆ ಒಂದೆರಡು ವರ್ಷ ಬಿಟ್ಟರೆ, ಎಲ್ಲ ಇವೆ. ಮಗ ಬೆಂಗಳೂರಿನಿಂದ ಬಂದಿದ್ದರು. "ಅಮ್ಮಾ, ಇದನ್ನೆಲ್ಲ ಯಾಕೆ ತೋರಿಸ್ತೀಯಾ" ಎಂದು ಮುಜುಗರಪಟ್ಟರು. ನಾನು ಆಗಲೇ ಬ್ಯಾಗಿಗೆ ತುಂಬುತ್ತಿದ್ದೆ.

ಒಂದು ಉದಾಹರಣೆ ಕೊಡುತ್ತೇನೆ, ಜೋಡಿ ಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎಂದು. 1974ರ ಭೂ ಸುಧಾರಣೆ ತಿದ್ದುಪಡಿ ಬಂತಲ್ಲ, ಅರಸು ಅವರ ಕಾಲ. ಉಳುತ್ತಿದ್ದ ಜಮೀನು ತಮ್ಮದಾಗಲು ಗೇಣಿದಾರರು ಫಾರಂ ನಂಬರ್ ಏಳರ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಡಿಕ್ಲರೇಷನ್ ಹಾಕುವುದು ಎನ್ನುತ್ತಾರೆ. ಕೊನೆಗೆ 1979ರ ಜೂನ್ 30ರವರೆಗೆ ಅವಕಾಶ ಇತ್ತು. ಆ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು. ಹಾಗಾಗಿ ಆ ವರ್ಷಗಳ ಕೋರ್ಟ್ ಡೈರಿಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಡೈರಿ ಒಂದನ್ನೇ ನೋಡಿದರೆ, ಜಿಲ್ಲೆಯ ಹಳ್ಳಿ ಹಳ್ಳಿ ಅಲುಗಾಡುತ್ತಿದ್ದಾಗ ಸಾಹೇಬರು ಬಾವಿ ಕೇಸು ನಡೆಸಿಕೊಂಡು ಆರಾಮಾಗಿದ್ದರು ಅನ್ನಿಸುತ್ತದೆ.

ಅಮ್ಮನವರ ಪುಸ್ತಕ ತೆಗೆದರೆ ಬೇರೆ ಕಥೆ. ಕಾಫಿಪುಡಿ ತಿಂಗಳಿಗೆ ಅರ್ಧ ಕೇಜಿ ಇದ್ದದ್ದು ಎರಡು ಕೇಜಿಗೆ ಏರಿದೆ. ಹಾಲು ಎರಡರಷ್ಟು. ಬಿಳಿ ಹಾಳೆ, ಕಾರ್ಬನ್ ಪೇಪರ್, ರೆವಿನ್ಯೂ ಸ್ಟಾಂಪ್ ಮನೆ ಖರ್ಚಿನಲ್ಲಿ ಬಂದಿವೆ. 1979ರ ಜುಲೈಗೆ ಕಾಫಿಪುಡಿ ಮತ್ತೆ ಇಳಿಯುತ್ತದೆ. ಆ ಪುಟ ಅಮ್ಮನವರ ಮುಂದಿಟ್ಟೆ.

"ಅಯ್ಯೋ, ಜಗಲಿ ತುಂಬಾ ಜನ ಕಣಪ್ಪಾ. ಬೆಳಗ್ಗೆ ಐದೂವರೆಗೇ ಬರೋರು. ಎಲ್ಲರಿಗೂ ಫಾರಂ ಬರೆದುಕೊಡೋರು ಇವರು. ನಾನು ಕಾಫಿ ಕಾಸಿ ಕಾಸಿ ಸಾಕಾಯ್ತು."

"ದುಡ್ಡು ತಗೊಳ್ತಿದ್ರಾ ಅಮ್ಮಾ?"

"ಕೆಲವರು ಕೊಡೋರು. ಕೆಲವರು ಅವರೆಕಾಯಿ ತರೋರು. ಬೆಳಗ್ಗೆ ಗೇಣಿದಾರರು, ಸಂಜೆ ಜಮೀನ್ದಾರರು. ಇಬ್ಬರಿಗೂ ಅದೇ ಕಾಫಿ."

ಗುಮಾಸ್ತರು ಪಕ್ಕದಿಂದ ತಕ್ಷಣ ಸೇರಿಸಿದರು: "ಬೇರೆ ಬೇರೆ ಸರ್ವೆ ನಂಬರು ಸ್ವಾಮಿ. ಅಪಾರ್ಥ ಆಗೋ ಹಾಗೆ ಬರೀಬೇಡಿ." ನಾನು ಆ ಮಾತನ್ನೂ ಹಾಗೇ ಬರೆದೆ. ಪುಸ್ತಕದಲ್ಲಿ ವಕೀಲರೆಲ್ಲ ನಕ್ಕ ಜಾಗ ಅದು.

ಇನ್ನೊಂದು. ಸುಮಾರು 1983ರಿಂದ 85ರವರೆಗಿನ ಡೈರಿಗಳಲ್ಲಿ ಕೆಲವು ಗುರುವಾರಗಳ ಮೂಲೆಗೆ ಕೆಂಪು ಶಾಯಿಯ ಸಣ್ಣ ಸೊನ್ನೆ. ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಆ ದಿನ ಎಲ್ಲ ಕೇಸಿಗೂ ಮೊದಲೇ ವಾಯಿದೆ ತೆಗೆದುಕೊಂಡಿದ್ದಾರೆ. ಅವರ ಜೂನಿಯರ್ ಆಗಿದ್ದವರನ್ನು ಕೇಳಿದೆ. ಈಗ ಅವರೇ ದೊಡ್ಡ ವಕೀಲರು. "ಹೈಕೋರ್ಟ್ ಕೆಲಸ ಅಂತ ಹೇಳ್ತಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ" ಅಂದರು. ಗುಮಾಸ್ತರಿಗೂ ಅಷ್ಟೇ ಗೊತ್ತು. ಲೆಕ್ಕದ ಪುಸ್ತಕದಲ್ಲಿ ಅದೇ ತಾರೀಖು ತೆಗೆದೆ. "ಬೆಂಗಳೂರು ಬಸ್ಸು ಒಂದೂವರೆ ಟಿಕೆಟ್, ಆಟೋ, ಇಡ್ಲಿ, ಬೆಲ್ಟು ರಿಪೇರಿ." ಅರ್ಧ ಟಿಕೆಟ್ ಯಾರದು?

ಮೂರನೇ ಮಗಳದು. ಪೋಲಿಯೋ ಆಗಿ ಒಂದು ಕಾಲು ಸೋತಿತ್ತು. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ನ ಅಳತೆ, ವ್ಯಾಯಾಮ, ಆಸ್ಪತ್ರೆ. ಅವರು ಈಗ ಬ್ಯಾಂಕಿನಲ್ಲಿ ಅಧಿಕಾರಿ. ಮೊದಲ ಸಲ ಮಾತಾಡಿಸಿದಾಗ "ಅಪ್ಪ ತುಂಬಾ ಪ್ರೀತಿ ಮಾಡೋರು" ಎನ್ನುವುದನ್ನು ಬಿಟ್ಟು ಏನೂ ಹೇಳಿರಲಿಲ್ಲ. ಎರಡು ಪುಟ ಪಕ್ಕಪಕ್ಕ ಇಟ್ಟಾಗ ಎರಡು ಗಂಟೆ ಮಾತಾಡಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಕೂರಬೇಕು ಎಂಬ ಜಗಳ, ಬೇಜಾರಾಗಬಾರದೆಂದು ಅಪ್ಪ ದಾರಿಯುದ್ದಕ್ಕೂ ಅವಳ ಕೈಯಲ್ಲಿ ಪಾಟೀಸವಾಲು ಮಾಡಿಸುತ್ತಿದ್ದದ್ದು. ಅಪ್ಪ ಸುಳ್ಳು ಸಾಕ್ಷಿ, ಮಗಳು ಲಾಯರ್. ಹೊಸಕೋಟೆ ಬರುವಷ್ಟರಲ್ಲಿ ಅಪ್ಪ ಸೋಲಬೇಕು, ಅದು ಕರಾರು. ಈ ಅಧ್ಯಾಯವನ್ನು ನಾನು ಒಂದು ಅಕ್ಷರ ತಿದ್ದದೆ ಅವರ ಮಾತಿನಲ್ಲೇ ಇಟ್ಟೆ. ಮೂವತ್ತು ಲೇಖನ ತರಿಸಿದ್ದರೆ ಇದು ಬರುತ್ತಿತ್ತಾ? ಅವರ ಜೂನಿಯರ್‌ಗೇ ಗೊತ್ತಿರಲಿಲ್ಲ.

ಕೇಳುವ ಪ್ರಶ್ನೆಗಳ ಬಗ್ಗೆ ಹೇಳಬೇಕು. ಹೊಗಳಿಕೆಗೆ ದಾರಿ ಬಿಡುವ ಪ್ರಶ್ನೆ ಕೇಳಲೇಬಾರದು. ಬಸ್ಸು ಎಷ್ಟು ಹೊತ್ತಿಗೆ? ಮನೆಯಲ್ಲಿ ಆವತ್ತು ಯಾರಿದ್ದರು? ಫೀಸು ಎಷ್ಟು, ಕೊಟ್ಟಿರಾ ಬಾಕಿಯಾ? ಇಂಥವು. ಫೀಸು ಬಾಕಿ ಬಗ್ಗೆ ಕೇಳಿದರೆ ಕಕ್ಷಿದಾರರ ಮುಖ ಅರಳುತ್ತದೆ, ಯಾಕೋ ಗೊತ್ತಿಲ್ಲ. ಮುರುಗಮಲ್ಲದ ಹತ್ತಿರದ ಒಬ್ಬ ಹಿರಿಯರು ಇನ್ನೂರು ರೂಪಾಯಿ ಬಾಕಿಯನ್ನು ಇಪ್ಪತ್ತು ವರ್ಷ ತೀರಿಸದೇ, ಪ್ರತಿ ವರ್ಷ ಕಡಲೆಕಾಯಿ ತಂದು ಕೊಟ್ಟ ಕಥೆ ಹೇಳಿದರು. ಇನ್ನೂರು ರೂಪಾಯಿ ಕೊಟ್ಟುಬಿಟ್ಟರೆ ಮನೆಗೆ ಬರಲು ನೆಪ ಇರುವುದಿಲ್ಲವಂತೆ.

ಅವರು ಹೇಳಿದ್ದು ಮುಕ್ಕಾಲು ಪಾಲು ತೆಲುಗಿನಲ್ಲಿ. ನಮ್ಮ ತಾಲೂಕಿನ ಹಳ್ಳಿಗಳಲ್ಲಿ ಅದು ಮಾಮೂಲು, ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಫೋನಿನ ವಾಯ್ಸ್ ಟೈಪಿಂಗಿಗೆ ಹಾಕಿದರೆ ಗೊಜ್ಜು ಬಂತು. ಕನ್ನಡ ಎಂದು ಹಾಕಿದರೆ ತೆಲುಗು ಸಾಯುತ್ತದೆ, ತೆಲುಗು ಎಂದರೆ ಕನ್ನಡ. ಕೊನೆಗೆ ನಾನು ಕಂಡುಕೊಂಡದ್ದು ಇದು. ಕಿವಿಗೆ ಇಯರ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳುತ್ತಾ, ಒಂದೊಂದೇ ವಾಕ್ಯವನ್ನು ನನ್ನ ಬಾಯಲ್ಲಿ ಕನ್ನಡದಲ್ಲಿ ಮತ್ತೆ ಹೇಳುವುದು. ನನ್ನ ದನಿ ಫೋನಿಗೆ ಚೆನ್ನಾಗಿ ಹಿಡಿಯುತ್ತದೆ. ಒಂದು ಗಂಟೆ ರೆಕಾರ್ಡಿಂಗಿಗೆ ಎರಡೂವರೆ ಗಂಟೆ. ಕೈಯಲ್ಲಿ ಟೈಪ್ ಮಾಡಿದರೆ ದಿನವೇ ಹಿಡಿಯುತ್ತಿತ್ತು. ನಮ್ಮ ಮನೆಯವಳು ಮಾತ್ರ, ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಬೇರೆಯವರ ಬಾವಿ ಜಗಳ ಹೇಳಿಕೊಳ್ಳುತ್ತಾನೆ ಎಂದು ಅಕ್ಕನಿಗೆ ಫೋನ್ ಮಾಡಿದ್ದಳು.

ತಾರೀಖುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ಎರಡು ಪುಸ್ತಕದಲ್ಲೂ ಏನಾದರೂ ವಿಶೇಷ ಇರುವ ದಿನ ಮಾತ್ರ. ಮುನ್ನೂರರ ಹತ್ತಿರ ಸಿಕ್ಕವು, ಪುಸ್ತಕಕ್ಕೆ ಬಂದದ್ದು ಎಪ್ಪತ್ತು ಎಂಬತ್ತು ಇರಬಹುದು. ಯಾವ ದಿನ ಯಾರಿಗೆ ತೋರಿಸಬೇಕು, ಯಾವುದನ್ನು ಮೊದಲು ತೋರಿಸಬೇಕು ಎನ್ನುವುದಕ್ಕೆ ಬಣ್ಣ ಹಾಕುವ ಕ್ರಮ ಒಂದು ಮಾಡಿಕೊಂಡಿದ್ದೇನೆ. ಅದು ಹೊಟ್ಟೆಪಾಡಿನ ಗುಟ್ಟು, ಇರಲಿ ಬಿಡಿ.

ನಡುವೆ ಒಂದು ಹುಚ್ಚು ಹಿಡಿಯಿತು. ಕಕ್ಷಿದಾರರ ಊರುಗಳನ್ನೆಲ್ಲ ತಾಲೂಕು ನಕ್ಷೆಯಲ್ಲಿ ಚುಕ್ಕೆ ಹಾಕಿ ನೋಡಿದೆ. ಚುಕ್ಕೆಗಳು ಬಸ್ ಹೋಗುವ ರಸ್ತೆಗಳ ಮೇಲೇ ಕೂತವು: ಕೈವಾರ, ಬಟ್ಲಹಳ್ಳಿ, ಮುರುಗಮಲ್ಲ, ಕೆಂಚಾರ್ಲಹಳ್ಳಿ. ಬಸ್ ಇಲ್ಲದ ಊರಿನವರಿಗೆ ವ್ಯಾಜ್ಯ ಇಲ್ಲವೇ? ಅಥವಾ ಬರಲು ಆಗುತ್ತಿರಲಿಲ್ಲವೇ? ಒಂದು ವಾರ ಇದರಲ್ಲೇ ಹೋಯಿತು. ನಕ್ಷೆಯನ್ನು ಪುಸ್ತಕಕ್ಕೆ ಹಾಕಲಿಲ್ಲ, ಆದರೆ ಒಂದು ಲಾಭ ಆಯಿತು. ಕೆಲವು ಚುಕ್ಕೆ ಕೋಲಾರದ ದಾರಿಯಲ್ಲಿದ್ದವು. 2007ಕ್ಕೆ ಮೊದಲು ಚಿಂತಾಮಣಿ ಕೋಲಾರ ಜಿಲ್ಲೆಯಲ್ಲೇ ಇತ್ತಲ್ಲ, ಅಪೀಲು ಎಂದರೆ ಕೋಲಾರಕ್ಕೇ ಹೋಗಬೇಕು. ಆಗ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಕೋಲಾರ, ಬಂಗಾರಪೇಟೆಗೆ ನ್ಯಾರೋಗೇಜ್ ರೈಲು. ಬಸ್ಸಿನಲ್ಲಿ ಬೇಗ ಹೋಗಬಹುದಿತ್ತು. ಸಾಹೇಬರು ಆಗಾಗ ಬೇಕೆಂದೇ ರೈಲು ಹಿಡಿಯುತ್ತಿದ್ದರು, ವಾದ ತಯಾರಿ ಮಾಡಿಕೊಳ್ಳಲು. ದಾರಿಯಲ್ಲಿ ಪರಿಚಯವಾದವರು ಮುಂದಿನ ವಾರ ಕಕ್ಷಿದಾರರಾಗಿ ಬರುತ್ತಿದ್ದರು. ಇದನ್ನು ಗುಮಾಸ್ತರು ನಕ್ಷೆ ನೋಡಿದ ಮೇಲೇ ನೆನಪು ಮಾಡಿಕೊಂಡದ್ದು.

ಈಗ ತಕರಾರುಗಳಿಗೆ ಬರುತ್ತೇನೆ. ಮೊದಲನೆಯದು ಕಾನೂನಿನದು, ಎತ್ತಿದವರು ಅದೇ ಜೂನಿಯರ್. "ಕಕ್ಷಿದಾರ ವಕೀಲರಿಗೆ ಹೇಳಿದ್ದು ಗುಟ್ಟು. ಕೆಲಸ ಮುಗಿದರೂ ಗುಟ್ಟೇ. ಹಳೇ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಹೊಸದರಲ್ಲಿ 132. ನೀವು ಡೈರಿ ಬಿಚ್ಚಿ ಕೂತಿದ್ದೀರಲ್ಲ?" ಸರಿಯಾದ ಮಾತು. ವಕೀಲರು, ಡಾಕ್ಟರ್‌ಗಳ ಪುಸ್ತಕ ಮಾಡುವವರು ಇದನ್ನು ಮೊದಲೇ ಯೋಚಿಸಿಡಿ. ನಾವು ಮಾಡಿಕೊಂಡ ನಿಯಮ ಇದು: ತೆರೆದ ಕೋರ್ಟಿನಲ್ಲಿ ನಡೆದದ್ದು ಬರಬಹುದು, ಹೆಸರು, ಸರ್ವೆ ನಂಬರು ಇಲ್ಲದೆ. ಆಫೀಸ್ ಕೋಣೆಯಲ್ಲಿ ಹೇಳಿದ್ದು ಬರಬೇಕಾದರೆ ಆ ಕಕ್ಷಿದಾರರೇ ನನಗೆ ಹೇಳಿರಬೇಕು, ಒಪ್ಪಿಗೆಗೆ ಸಹಿ ಹಾಕಿರಬೇಕು. ಗಂಡ ಹೆಂಡತಿ ಕೇಸು ಒಂದೂ ಬೇಡ. ಕ್ರಿಮಿನಲ್ ಎರಡೇ ಎರಡು, ಎರಡೂ ಬಹಳ ಹಳೆಯವು. ಇದರಿಂದ ಒಳ್ಳೊಳ್ಳೆ ಕಥೆಗಳು ಹೋದವು. ಹೊಟ್ಟೆ ಉರಿಯಿತು, ಆದರೆ ಆ ಜೂನಿಯರ್ ಆಮೇಲೆ ನನ್ನ ಪರ ನಿಂತರು. ಬಾರ್‌ನವರೆಲ್ಲ ಬಾಯಿ ಬಿಟ್ಟದ್ದು ಅವರು ಹೇಳಿದ ಮೇಲೇ.

ಸಾಹೇಬರ ಎದುರು ನಲವತ್ತು ವರ್ಷ ವಾದಿಸಿದ ಇನ್ನೊಬ್ಬ ಹಿರಿಯ ವಕೀಲರಿದ್ದಾರೆ. ಅವರು ಯಾರಿಗೂ ಮಾತು ಕೊಡುವವರಲ್ಲ. ನನಗೆ ಮೂರು ಗಂಟೆ ಮಾತಾಡಿದರು. ಹೇಗೆ ಎಂದು ಕೇಳಬೇಡಿ.

ಎರಡನೇ ತಕರಾರು ಮನೆಯದು. ಮಗನಿಗೆ ಬೇಕಿದ್ದದ್ದು ಗಟ್ಟಿ ರಟ್ಟು, ಚಿನ್ನದ ಅಕ್ಷರ, ಒಬ್ಬ ಮಂತ್ರಿಯ ಮುನ್ನುಡಿ. ನಾನು ಕೊಟ್ಟ ಕರಡಿನಲ್ಲಿ ಇದ್ದದ್ದು ಸ್ಕೂಟರ್ ಜಗಳ. 1981ರ ಒಂದು ವಾರ ಅಮ್ಮನವರ ಪುಸ್ತಕದಲ್ಲಿ ಹಾಲು ಅರ್ಧ ಲೀಟರಿಗೆ ಇಳಿದಿದೆ, ತರಕಾರಿಯೇ ಇಲ್ಲ. ಡೈರಿಯಲ್ಲಿ ಅದೇ ವಾರ "ಸ್ಕೂಟರ್, ಅಡ್ವಾನ್ಸ್" ಎಂದಿದೆ. ಆಗ ಬಜಾಜ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತಲ್ಲ, ಸೆಕೆಂಡ್ ಹ್ಯಾಂಡಿಗೇ ಜಾಸ್ತಿ ಬೆಲೆ. ಸಾಹೇಬರು ಮನೆಯಲ್ಲಿ ಒಂದು ಮಾತು ಹೇಳದೆ ಒಂದನ್ನು ತಂದು ನಿಲ್ಲಿಸಿದ್ದರು. ಅಲ್ಲಿಯವರೆಗೆ "ನಮ್ಮವರು ಯಾವತ್ತೂ ಒಂದು ಮಾತು ಅಂದಿಲ್ಲಪ್ಪ" ಎನ್ನುತ್ತಿದ್ದ ಅಮ್ಮನವರು ಪುಟ ನೋಡಿ ಜೋರಾಗಿ ನಕ್ಕರು. "ಆ ವಾರ ನಾವು ಮಾತೇ ಆಡ್ಲಿಲ್ಲ. ಬರೀ ಗೊಜ್ಜು ಅನ್ನ ಹಾಕ್ದೆ. ಮಕ್ಕಳ ಕೈಲಿ ಹೇಳಿಕಳಿಸೋರು, ಅಮ್ಮನಿಗೆ ಹೇಳು ಕೋರ್ಟಿಗೆ ಹೊತ್ತಾಯ್ತು ಅಂತ."

ಮಗ ಇದನ್ನು ತೆಗೆಯಿರಿ ಎಂದರು. ಅಮ್ಮನವರು ಇರಲಿ ಎಂದರು. ನಾನು ಇಂಥ ಹೊತ್ತಿಗೆಂದೇ ಮೊದಲೇ ಒಂದು ಕರಾರು ಮಾಡಿಕೊಂಡಿರುತ್ತೇನೆ: ಮನೆಯವರು ಏನನ್ನು ಬೇಕಾದರೂ ತೆಗೆಯಬಹುದು, ಆದರೆ ಎಲ್ಲರೂ ಒಪ್ಪಿ ತೆಗೆಯಬೇಕು. ಯಾರೂ ಏನನ್ನೂ ಸೇರಿಸುವಂತಿಲ್ಲ. ಸ್ಕೂಟರ್ ಉಳಿಯಿತು. ದಾಯಾದಿಗಳ ಒಂದು ಹಳೇ ಜಗಳ ಹೋಯಿತು. ಮಂತ್ರಿಯ ಮುನ್ನುಡಿಯೂ ಹೋಯಿತು, ಅದು ಸೇರಿಸುವ ಲೆಕ್ಕಕ್ಕೆ ಬರುತ್ತದಲ್ಲ.

ಒಂದು ವಿಷಯದಲ್ಲಿ ಮಗನ ಬಗ್ಗೆ ನನಗೆ ಗೌರವ ಇದೆ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಇಲ್ಲ. ಈ ಮನೆಯಲ್ಲಿ ದೊಡ್ಡವರಿಬ್ಬರ ಮದುವೆ ಆಗಿತ್ತು, ಚಿಕ್ಕವರದು ಆಗಿರಲಿಲ್ಲ. ಒಂದೇ ಮನೆಯಲ್ಲಿ ಒಬ್ಬಳಿಗೆ ಪಾಲು, ಇಬ್ಬರಿಗೆ ಇಲ್ಲ. ಸಾಹೇಬರು ಆ ವರ್ಷ ಊರಿನ ಪಾಲಿನ ದಾವೆಗಳಲ್ಲಿ ಅರ್ಧಕ್ಕರ್ಧದಲ್ಲಿ ಇದೇ ಪಾಯಿಂಟ್ ವಾದಿಸುತ್ತಿದ್ದರು, ಯಾವ ಕಡೆ ಕರೆದರೆ ಆ ಕಡೆ. ಮನೆಯಲ್ಲಿ ಮಾತ್ರ ಮೊದಲು ಪಾಲುಪಟ್ಟಿ ಮಾಡಿ, ಆಮೇಲೆ ತಮಗೆ ಬಂದ ಪಾಲಿನಿಂದ ದೊಡ್ಡವರಿಬ್ಬರಿಗೆ ದಾನಪತ್ರ ಬರೆದರು. 2005ರ ಕೇಂದ್ರದ ತಿದ್ದುಪಡಿಗೆ ಮೊದಲೇ ನಾಲ್ವರಿಗೂ ಸರಿಸಮ. ಇದನ್ನು ನನಗೆ ಹೇಳಿ, ಪತ್ರಗಳ ನಕಲು ಕೊಟ್ಟವರು ಮಗನೇ. ಲೆಕ್ಕದ ಪುಸ್ತಕದಲ್ಲಿ ಆವತ್ತು ಸಬ್ ರಿಜಿಸ್ಟ್ರಾರ್ ಆಫೀಸಿನ ಖರ್ಚಿನ ಕೆಳಗೆ "ಹೋಳಿಗೆ, ತೊಗರಿಬೇಳೆ ಒಂದೂವರೆ ಕೇಜಿ" ಎಂದಿದೆ. ಹೆಚ್ಚು ಬರೆಯಲಿಲ್ಲ, ಆ ಪುಟದ ಫೋಟೋ ಹಾಕಿದೆ, ಸಾಕಾಯಿತು.

ಫೋಟೋಗಳ ಬಗ್ಗೆ ಎರಡು ಮಾತು. ಸ್ಕ್ಯಾನರ್ ಬೇಡ. ಬೆಳಗ್ಗೆ ಎಂಟರಿಂದ ಒಂಬತ್ತೂವರೆ, ಜಗಲಿಯ ಬೆಳಕು, ಫೋನು ನೆಟ್ಟಗೆ ಹಿಡಿಯಲು ಎರಡು ಸ್ಟೂಲು. ಅಂಟಿನ ಆಲ್ಬಮ್ಮಿನಿಂದ ಕೀಳಲು ಹೋಗಬೇಡಿ, ಪ್ಲಾಸ್ಟಿಕ್ ಹಾಳೆ ಎತ್ತಿ ಅಲ್ಲೇ ತೆಗೆಯಿರಿ.

ಕ್ಯೂಆರ್ ಕೋಡ್ ಪ್ರಯೋಗವನ್ನೂ ಮಾಡಿದೆ. ಚಿಕ್ಕ ಮಗಳ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇತ್ತು, ಬೂಷ್ಟು ಹಿಡಿದಿತ್ತು. ಬೆಂಗಳೂರಿನಲ್ಲಿ ತೊಳೆಸಿ ಕಂಪ್ಯೂಟರಿಗೆ ಹಾಕಿಸಲು ಎರಡು ಸಾವಿರದ ಮೇಲೆ ತೆಗೆದುಕೊಂಡರು. ಮೂರು ಗಂಟೆ ವಾಲಗದಲ್ಲಿ ಸಾಹೇಬರ ದನಿ ಹತ್ತು ಹದಿನೈದು ಸೆಕೆಂಡು. "ಆ ಕೊನೆ ಪಂಕ್ತಿಗೆ ಪಲ್ಯ ಹೋಗಿಲ್ಲ, ನೋಡ್ರಪ್ಪ." ಅದನ್ನೇ ಕ್ಯೂಆರ್ ಮಾಡಿ ಕೊನೆ ಪುಟಕ್ಕೆ ಹಾಕಿದೆ. ಹಿರಿಯರು ಅದನ್ನು ಗ್ಯಾಸ್ ಬುಕಿಂಗ್ ಚೀಟಿ ಎಂದುಕೊಂಡರು. ಮೊಮ್ಮಕ್ಕಳು ಮಾತ್ರ ಮತ್ತೆ ಮತ್ತೆ ಹಾಕಿ ಕೇಳಿದರು. ಎರಡು ಸಾವಿರಕ್ಕೆ ಲಾಭವೋ ನಷ್ಟವೋ, ನೀವೇ ಹೇಳಿ.

ಅಡುಗೆ ಪುಟ ಮಾಡಿದ್ದೂ ಹೀಗೇ ಸುಮ್ನೆ ಒಂದು ಪ್ರಯತ್ನ. ಅವರೆಕಾಲದ ಭಾನುವಾರಗಳಲ್ಲಿ ಇಡೀ ಮನೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿತ್ತು. ಸಾಹೇಬರು ಹೆಸರು ಹೇಳದೆ ಒಂದು ಕೇಸು ಹೇಳುತ್ತಿದ್ದರು, ಮಕ್ಕಳು ತೀರ್ಪು ಕೊಡಬೇಕು. ಮುಗಿಯುವಷ್ಟರಲ್ಲಿ ಒಂದು ಪಾತ್ರೆ ಬೇಳೆ ತಯಾರು. ಹಿದುಕಿದ ಬೇಳೆ ಸಾರಿನ ಅಳತೆಯನ್ನು ಅಮ್ಮನವರ ಕೈಯಲ್ಲಿ ಬರೆಸಿ ಹಾಗೇ ಅಚ್ಚು ಹಾಕಿದೆ. ಪುಸ್ತಕದಲ್ಲಿ ಎಲ್ಲರೂ ಫೋಟೋ ಹೊಡೆದುಕೊಂಡ ಪುಟ ಅದು.

ಹಣದ ಲೆಕ್ಕ. 1/8 ಡೆಮಿ ಅಳತೆ, ಇನ್ನೂರ ನಲವತ್ತು ಪುಟದ ಹತ್ತಿರ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಹದಿನಾರು ಪುಟ ಬಣ್ಣದ ಆರ್ಟ್ ಪೇಪರ್, ಐನೂರು ಪ್ರತಿ. ಮುದ್ರಣ, ಬೈಂಡಿಂಗ್ ಸೇರಿ ಎಪ್ಪತ್ತೈದು ಸಾವಿರದ ಆಸುಪಾಸು. ಓಡಾಟ ಹದಿನೈದು, ಗುಮಾಸ್ತರಿಗೆ ಹನ್ನೆರಡು, ಕರಡು ತಿದ್ದಿದವರಿಗೆ ಆರು, ಆ ಕ್ಯಾಸೆಟ್ಟಿಗೆ ಎರಡರ ಮೇಲೆ. ಒಪ್ಪಿಕೊಂಡಿದ್ದದ್ದು ಒಂದು ಲಕ್ಷದ ನಲವತ್ತು ಸಾವಿರ. ಹತ್ತು ತಿಂಗಳಿಗೆ ಕೈಗೆ ಉಳಿದದ್ದು ಮೂವತ್ತರ ಒಳಗೇ. ಲೇಖನ ತರಿಸಿ ಹೊಲಿದಿದ್ದರೆ ಎರಡು ತಿಂಗಳಿಗೆ ಇಷ್ಟೇ ಉಳಿಯುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ. ಈ ವಿಧಾನಕ್ಕೆ ಎರಡು ಲಕ್ಷಕ್ಕಿಂತ ಕಡಿಮೆ ಒಪ್ಪಬೇಡಿ.

ಪ್ರೆಸ್ಸಿನವರೂ ಕಾಡಿದರು. ಯೂನಿಕೋಡ್ ಬೇಡ, ನುಡಿ ಫಾಂಟಿನಲ್ಲೇ ಬೇಕು ಎಂದರು. ಪರಿವರ್ತಿಸಿದಾಗ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ. ಕೋರ್ಟ್ ಎನ್ನುವ ಪದ ಪುಟಕ್ಕೆ ಹತ್ತು ಸಲ ಬರುವ ಪುಸ್ತಕ ಇದು, ಯೋಚಿಸಿ. ನಲವತ್ತು ಪ್ರತಿಗಳಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಪುಟಗಳ ಕಟ್ಟು, ತಲೆಕೆಳಗಾಗಿ ಬೈಂಡ್ ಆಗಿ ಬಂತು. ತಿಥಿಗೆ ನಾಲ್ಕು ದಿನ ಇತ್ತು. ಹೋಗಿ ಅಲ್ಲೇ ಕೂತೆ, ಬಿಚ್ಚಿಸಿ ಮತ್ತೆ ಕಟ್ಟಿಸಿಕೊಂಡೇ ಎದ್ದೆ.

ಬಿಡುಗಡೆಯ ದಿನ ಭಾಷಣ ಎರಡೇ. ಆಮೇಲೆ ಊಟಕ್ಕೆ ಎಲೆ ಹಾಕಿದರು. ವಕೀಲರ ಸಾಲಿನಲ್ಲಿ ಒಬ್ಬರೂ ಏಳಲಿಲ್ಲ, ಪುಸ್ತಕದಲ್ಲಿ ತಲೆ ಹುದುಗಿಸಿ ಕೂತಿದ್ದರು. ತಮ್ಮ ಕೇಸು ಯಾವುದು ಎಂದು ಹುಡುಕುತ್ತಿದ್ದರು ಅನ್ನಿಸುತ್ತದೆ, ಹೆಸರಿಲ್ಲವಲ್ಲ. ಅಡುಗೆಯವರು ಎರಡು ಸಲ ಬಂದು ಕರೆದರು. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಮಗ ಬಂದು ಕೈ ಕುಲುಕಿ, ಇನ್ನೂ ಇನ್ನೂರು ಪ್ರತಿ ಹಾಕಿಸಿ ಎಂದರು. ಚಿನ್ನದ ಅಕ್ಷರದ ಮಾತು ಎತ್ತಲಿಲ್ಲ.

ಡೈರಿಗಳು ಈಗ ಜೂನಿಯರ್ ಅವರ ಆಫೀಸಿನಲ್ಲಿ ಬೀಗದ ಬೀರುವಿನಲ್ಲಿವೆ. ನನ್ನ ಫೋನಿನಲ್ಲಿದ್ದ ಡೈರಿ ಪುಟಗಳ ಫೋಟೋಗಳನ್ನು ಅವರ ಎದುರಿಗೇ ಅಳಿಸಿದೆ. ಲೆಕ್ಕದ ಪುಸ್ತಕ ಅಮ್ಮನವರ ಹತ್ತಿರ, ಅದರಲ್ಲಿ ಇನ್ನೂ ಬರೆಯುತ್ತಿದ್ದಾರೆ.

ಮುಂದಿನ ಕೆಲಸ ಶಿಡ್ಲಘಟ್ಟದ ಒಬ್ಬ ರೇಷ್ಮೆ ಗೂಡಿನ ವ್ಯಾಪಾರಿಯದು. ಎರಡು ಲಕ್ಷದ ಹತ್ತು ಸಾವಿರಕ್ಕೆ ಒಪ್ಪಿದ್ದಾರೆ, ಅರ್ಧ ಅಡ್ವಾನ್ಸ್. ಅವರ ಖಾತೆ ಪುಸ್ತಕಗಳು ಉರ್ದುವಿನಲ್ಲಿವೆ. ಹಳೇ ಕೈಬರಹದ ಉರ್ದು ಓದುವವರು ಆ ಕಡೆ ಯಾರಾದರೂ ಇದ್ದರೆ ತಿಳಿಸಿ. ದಿನಕ್ಕೆ ಆರುನೂರು, ಊಟ ನನ್ನದು.